ಹತ್ತನೇ ತರಗತಿಯ ನಂತರ: ಪಿಯು ವಿಜ್ಞಾನವೋ, ಡಿಪ್ಲೊಮಾವೋ, ವಾಣಿಜ್ಯ–ಕಲೆಯೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದಲೇ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮನೆಮನೆಯಲ್ಲಿ ಒಂದೇ ಮಾತು ಕೇಳಿಬರುತ್ತದೆ: ಮಗುವನ್ನು ಮುಂದೆ ಯಾವುದಕ್ಕೆ ಹಚ್ಚುವುದು? ಬಹಳಷ್ಟು ಮನೆಗಳಲ್ಲಿ ಉತ್ತರವನ್ನು ಶೇಕಡಾವಾರು ಅಂಕವೇ ಹೇಳಿಬಿಡುತ್ತದೆ. ಎಂಬತ್ತೈದು ದಾಟಿದರೆ ಸೈನ್ಸ್, ಅರವತ್ತರ ಆಸುಪಾಸಿದ್ದರೆ ಕಾಮರ್ಸ್, ಅದಕ್ಕೂ ಕೆಳಗಿದ್ದರೆ ಆರ್ಟ್ಸ್ ಅಥವಾ ಐಟಿಐ. ಕೊಪ್ಪಳ ಜಿಲ್ಲೆಯಲ್ಲಿ ಹಲವು ವರ್ಷ ಪಾಠ ಹೇಳಿದ ನನಗೆ ಈ ಅಳತೆಗೋಲು ಸರಿಯೆಂದು ಅನಿಸಿಲ್ಲ. ಅಂಕಪಟ್ಟಿಯು ಮಗು ಇದುವರೆಗೆ ಓದಿದ್ದನ್ನು ಹೇಳುತ್ತದೆಯೇ ಹೊರತು ಎರಡು–ಮೂರು ವರ್ಷಗಳ ನಂತರ ಅದು ಯಾವ ಪರೀಕ್ಷೆಯ ಮುಂದೆ ನಿಲ್ಲಬೇಕಾಗುತ್ತದೆ, ಅಲ್ಲಿ ಎಡವಿದರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಪ್ರತಿ ದಾರಿಯನ್ನೂ ಈ ಎರಡು ಪ್ರಶ್ನೆಗಳಿಂದಲೇ ತೂಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಈ ಹೋಲಿಕೆಯನ್ನು ಆ ಕ್ರಮದಲ್ಲಿಯೇ ಮಾಡಿದ್ದೇನೆ.

ಪಿಯು ವಿಜ್ಞಾನ ಮತ್ತು ಡಿಪ್ಲೊಮಾ

ಇಂಜಿನಿಯರಿಂಗ್ ಓದಬೇಕೆನ್ನುವ ಮಗುವಿಗೆ ಎರಡು ದಾರಿಗಳಿವೆ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ; ಅಥವಾ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿ ಇನ್ನು ಮೂರು ವರ್ಷ. ಎರಡೂ ಕಡೆ ಒಟ್ಟು ಆರು ವರ್ಷಗಳೇ ಆಗುತ್ತವೆ. ಡಿಪ್ಲೊಮಾಕ್ಕೆ ಹೋದರೆ ಒಂದು ವರ್ಷ ವ್ಯರ್ಥವಾಗುತ್ತದೆ ಎಂದು ಊರಿನಲ್ಲಿ ಹೇಳುವ ಮಾತಿಗೆ ಆಧಾರವಿಲ್ಲ.

ವ್ಯತ್ಯಾಸ ಇರುವುದು ನಡುವೆ ನಿಂತುಹೋದರೆ ಏನಾಗುತ್ತದೆ ಎಂಬುದರಲ್ಲಿ. ಮೂರನೇ ವರ್ಷಕ್ಕೆ ಡಿಪ್ಲೊಮಾ ಮುಗಿಸಿದ ಹುಡುಗನ ಕೈಯಲ್ಲಿ ಉದ್ಯೋಗಕ್ಕೆ ಸಲ್ಲುವ ಒಂದು ಅರ್ಹತೆ ಇರುತ್ತದೆ. ಲೋಕೋಪಯೋಗಿ, ವಿದ್ಯುತ್ ಮೊದಲಾದ ಇಲಾಖೆಗಳ ಕಿರಿಯ ಇಂಜಿನಿಯರ್ ಹುದ್ದೆಗಳಿಗೆ ಡಿಪ್ಲೊಮಾ ಸಾಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರ ಮತ್ತು ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರಗಳು, ಹಟ್ಟಿಯ ಚಿನ್ನದ ಗಣಿ, ಇವೆಲ್ಲ ಇರುವ ಸೀಮೆಯಲ್ಲಿ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಡಿಪ್ಲೊಮಾವನ್ನು ಎರಡನೇ ದರ್ಜೆಯ ಓದೆಂದು ಕಾಣಲು ಕಾರಣವಿಲ್ಲ. ಅದೇ ಪಿಯು ವಿಜ್ಞಾನ ಮುಗಿಸಿ ಎಲ್ಲಿಯೂ ಸೀಟು ಸಿಗದೆ ನಿಂತವನ ಕೈಯಲ್ಲಿ ಅಂಥ ಅರ್ಹತೆ ಇರುವುದಿಲ್ಲ. ಅವನು ಮತ್ತೊಂದು ಪದವಿಯನ್ನು ಮೊದಲಿನಿಂದ ಆರಂಭಿಸಬೇಕು.

ಆದರೆ ಡಿಪ್ಲೊಮಾ ಆರಿಸಿದ ದಿನವೇ ಕೆಲವು ಬಾಗಿಲುಗಳು ಮುಚ್ಚುತ್ತವೆ. ವೈದ್ಯಕೀಯ, ಕೃಷಿ, ನರ್ಸಿಂಗ್ ಇವುಗಳ ಕಡೆಗೆ ಆಮೇಲೆ ತಿರುಗಲು ಬರುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿಯೇ ಶಾಖೆಯನ್ನೂ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಯಂತ್ರ, ವಿದ್ಯುತ್ತು, ಕಟ್ಟಡ ಇವುಗಳಲ್ಲಿ ಮನಸ್ಸು ನಿಂತಿರುವ, ಬೇಗ ದುಡಿಮೆಗೆ ಇಳಿಯಬೇಕಾದ ಮನೆಯ ಮಗುವಿಗೆ ಡಿಪ್ಲೊಮಾ ಒಳ್ಳೆಯದು. ಏನಾಗಬೇಕೆಂದು ಇನ್ನೂ ತಿಳಿಯದ, ಆದರೆ ಗಣಿತ–ವಿಜ್ಞಾನವನ್ನು ಆಸೆಯಿಂದ ಓದುವ ಮಗುವಿಗೆ ಪಿಯು ವಿಜ್ಞಾನವೇ ಹೆಚ್ಚು ದಾರಿಗಳನ್ನು ತೆರೆದಿಡುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ. ಎಸ್ಸೆಸ್ಸೆಲ್ಸಿ ಅಂಕಗಳ ಆಧಾರದ ಮೇಲೆ ಪ್ರವೇಶ ನಡೆಯುವುದರಿಂದ ಪಿಯು ಅರ್ಜಿಯ ಜೊತೆಗೇ ಅದಕ್ಕೂ ಅರ್ಜಿ ಹಾಕಿಟ್ಟರೆ ಏನೂ ನಷ್ಟವಿಲ್ಲ.

ಐಟಿಐ ಬಗ್ಗೆಯೂ ಒಂದು ಮಾತು. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಎರಡು ವರ್ಷದ ವೃತ್ತಿ ಕಲಿತವರು ಅಪ್ರೆಂಟಿಸ್ ತರಬೇತಿಗೆ, ರೈಲ್ವೆಯ ತಾಂತ್ರಿಕ ಹುದ್ದೆಗಳಿಗೆ ಅರ್ಹರಾಗುತ್ತಾರೆ, ಮತ್ತು ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಅವರಿಗಿದೆ. ಅಲ್ಲಿಗೆ ಓದು ಮುಗಿಯಿತೆಂದು ಮಗುವಿಗೆ ಅನಿಸದಂತೆ ಈ ವಿಷಯವನ್ನು ಸೇರಿಸುವಾಗಲೇ ತಿಳಿಸಿ ಹೇಳಬೇಕು.

ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ

ನಮ್ಮ ಭಾಗದಲ್ಲಿ ವಿಜ್ಞಾನ ಆರಿಸಿ ಸೋತ ಮಕ್ಕಳನ್ನು ನೆನೆದರೆ, ಅವರಲ್ಲಿ ಬುದ್ಧಿ ಕಡಿಮೆಯಿದ್ದವರು ವಿರಳ. ಯಲಬುರ್ಗಾ ಅಥವಾ ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದ ಹುಡುಗಿ, ಪಿಯು ತರಗತಿಯ ಮೊದಲ ವಾರ ಭೌತಶಾಸ್ತ್ರದ ಪಾಠ ಕೇಳುತ್ತ ಕುಳಿತಾಗ, ಉಪನ್ಯಾಸಕರು ಹೇಳುತ್ತಿರುವ ‘ಆಕ್ಸಲರೇಷನ್’ ತಾನು ಚೆನ್ನಾಗಿ ಬಲ್ಲ ವೇಗೋತ್ಕರ್ಷವೇ ಎಂಬುದು ಅವಳಿಗೆ ಹೊಳೆಯುವುದಿಲ್ಲ. ಗೊತ್ತಿರುವುದೇ ಗೊತ್ತಿಲ್ಲದಂತೆ ಕಾಣಲಾರಂಭಿಸುತ್ತದೆ. ಆಗಸ್ಟ್ ಹೊತ್ತಿಗೆ ಆ ಮಗು ತಾನು ದಡ್ಡಿ ಎಂಬ ತೀರ್ಮಾನಕ್ಕೆ ಬಂದಿರುತ್ತದೆ. ಇದನ್ನು ಕಣ್ಣಾರೆ ಕಂಡು ನೊಂದಿದ್ದೇನೆ.

ಈ ಕಷ್ಟಕ್ಕೆ ಹೆದರಿ ವಿಜ್ಞಾನವನ್ನೇ ಬಿಡುವುದು ಬೇಡ. ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವವರೆಗೆ ಸಿಗುವ ಬಿಡುವಿನಲ್ಲಿ ಒಂದು ಕೆಲಸ ಮಾಡಿಸಿ. ಒಂಬತ್ತು ಮತ್ತು ಹತ್ತನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳ ಕನ್ನಡ ಮತ್ತು ಇಂಗ್ಲಿಷ್ ಆವೃತ್ತಿಗಳಲ್ಲಿ ಪಾಠಗಳು ಒಂದೇ ಕ್ರಮದಲ್ಲಿವೆ. ಎರಡನ್ನೂ ಎದುರಿಗೆ ಇಟ್ಟುಕೊಂಡು ದಿನಕ್ಕೆ ನಾಲ್ಕು ಪುಟದಂತೆ ಓದಿ, ಒಂದು ನೋಟ್‌ಬುಕ್‌ನಲ್ಲಿ ದ್ಯುತಿಸಂಶ್ಲೇಷಣೆಯ ಎದುರು ಫೋಟೋಸಿಂಥೆಸಿಸ್, ವೇಗೋತ್ಕರ್ಷದ ಎದುರು ಆಕ್ಸಲರೇಷನ್, ವರ್ಗಸಮೀಕರಣದ ಎದುರು ಕ್ವಾಡ್ರಾಟಿಕ್ ಈಕ್ವೇಷನ್ ಎಂದು ಬರೆದುಕೊಳ್ಳುತ್ತ ಹೋಗಲಿ. ಇಂಗ್ಲಿಷ್ ಆವೃತ್ತಿಯನ್ನು ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ದುಬಾರಿ ಬ್ರಿಜ್ ಕೋರ್ಸುಗಳು ಮಾಡುವ ಕೆಲಸದ ಬಹುಪಾಲು ಇಷ್ಟರಲ್ಲಿಯೇ ಆಗುತ್ತದೆ.

ಡಿಪ್ಲೊಮಾದಲ್ಲಿಯೂ ಇಂಗ್ಲಿಷ್ ತಪ್ಪುವುದಿಲ್ಲ, ಆದರೆ ಅಲ್ಲಿ ಕೈಕೆಲಸ ಹೆಚ್ಚಿರುವುದರಿಂದ ಭಾಷೆಯ ಭಾರ ಸ್ವಲ್ಪ ಹಗುರವಾಗುತ್ತದೆ. ಕಲಾ ಮತ್ತು ವಾಣಿಜ್ಯ ವಿಭಾಗಗಳನ್ನು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿಸಬಹುದು. ವೈದ್ಯಕೀಯದ ಕನಸಿರುವವರು ತಿಳಿಯಬೇಕಾದ ಇನ್ನೊಂದು ಸಂಗತಿಯೆಂದರೆ, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಆರಿಸಿಕೊಳ್ಳಬಹುದು. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿ ಕೊನೆಯಲ್ಲಿ ಕನ್ನಡ ಪತ್ರಿಕೆ ಬರೆಯಲು ಕುಳಿತರೆ ಪರಿಭಾಷೆಯ ಗೊಂದಲ ತಿರುಗುಮುರುಗಾಗಿ ಬರುತ್ತದೆ ಎಂಬ ಎಚ್ಚರವೂ ಇರಲಿ.

ಪಿಸಿಎಂಬಿ ಮತ್ತು ಪಿಸಿಎಂಸಿ

ವಿಜ್ಞಾನವೆಂದು ಗೊತ್ತಾದ ಮೇಲೆ ಬರುವ ಪ್ರಶ್ನೆ ನಾಲ್ಕನೆಯ ವಿಷಯದ್ದು: ಜೀವಶಾಸ್ತ್ರವೋ, ಕಂಪ್ಯೂಟರ್ ವಿಜ್ಞಾನವೋ? ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆ ಜೀವಶಾಸ್ತ್ರ ಓದಿದರೆ ಪಿಸಿಎಂಬಿ, ಕಂಪ್ಯೂಟರ್ ವಿಜ್ಞಾನ ಓದಿದರೆ ಪಿಸಿಎಂಸಿ. ಇಲ್ಲೊಂದು ತಪ್ಪುಕಲ್ಪನೆ ಬೇರುಬಿಟ್ಟಿದೆ. ಬಿಇ ಕಂಪ್ಯೂಟರ್ ಸೈನ್ಸ್ ಸೇರಲು ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿರಲೇಬೇಕೆಂದು ಎಷ್ಟೋ ಪಾಲಕರು ನಂಬಿದ್ದಾರೆ. ಹಾಗೇನೂ ಇಲ್ಲ. ಇಂಜಿನಿಯರಿಂಗ್ ರ‍್ಯಾಂಕ್ ನಿಗದಿಯಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರಿಂದ. ಪಿಸಿಎಂಬಿ ಓದಿದವರಿಗೆ ಇಂಜಿನಿಯರಿಂಗ್‌ನ ಎಲ್ಲ ಶಾಖೆಗಳೂ ತೆರೆದಿರುತ್ತವೆ, ಅದರ ಮೇಲೆ ವೈದ್ಯಕೀಯ, ಕೃಷಿ, ನರ್ಸಿಂಗ್ ಕೂಡ. ಪಿಸಿಎಂಸಿ ಓದಿದವರಿಗೆ ಜೀವಶಾಸ್ತ್ರವನ್ನು ಬೇಡುವ ಆ ಕೋರ್ಸುಗಳು ಸಿಗುವುದಿಲ್ಲ.

ಹಾಗಾದರೆ ಎಲ್ಲರೂ ಪಿಸಿಎಂಬಿ ಓದಲಿ ಎನ್ನೋಣವೇ? ಇಲ್ಲ. ಜೀವಶಾಸ್ತ್ರದ ಓದು ಇಂಗ್ಲಿಷಿನಲ್ಲಿ ಬಹಳ ಭಾರವಾದುದು. ವೈದ್ಯಕೀಯ ಅಥವಾ ಕೃಷಿಯ ಕಡೆಗೆ ಒಲವೇ ಇಲ್ಲದ ಮಗು ಆ ಹೊರೆ ಹೊತ್ತು ಗಣಿತಕ್ಕೆ ಸಮಯ ಸಾಲದೆ ಒದ್ದಾಡುವುದಕ್ಕಿಂತ ಪಿಸಿಎಂಸಿ ಓದುವುದು ಮೇಲು. ಆ ಕಡೆಗೆ ಒಲವಿದ್ದರೆ ಅಥವಾ ಒಲವು ಇನ್ನೂ ಗೊತ್ತಿಲ್ಲದಿದ್ದರೆ ಮಾತ್ರ ಪಿಸಿಎಂಬಿ.

ಕೃಷಿಯ ಮಾತು ವಿಶೇಷವಾಗಿ ಎತ್ತಲು ಕಾರಣವಿದೆ. ರಾಯಚೂರಿನಲ್ಲಿಯೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಸಿಂಧನೂರು, ಗಂಗಾವತಿಗಳ ಭತ್ತದ ಗದ್ದೆಗಳಲ್ಲಿ ಬೆಳೆದ ಮಕ್ಕಳಿಗೆ ಬಿಎಸ್‌ಸಿ ಕೃಷಿ ಎಂಬ ಪದವಿಯೊಂದಿದೆ ಎಂಬುದೇ ಎಷ್ಟೋ ಸಲ ದ್ವಿತೀಯ ಪಿಯುಸಿಯ ಕೊನೆಗೆ ತಿಳಿಯುತ್ತದೆ. ಇದರ ಸೀಟುಗಳನ್ನೂ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕವೇ ಹಂಚುತ್ತಾರೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಬೆಳೆ, ಬೀಜ, ಸಲಕರಣೆಗಳನ್ನು ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಯೊಂದಿರುತ್ತದೆ. ಹೊಲದಲ್ಲಿ ಅಪ್ಪನ ಜೊತೆ ದುಡಿದ ಮಗುವಿಗೆ ಆ ದುಡಿಮೆಯೇ ಅಂಕವಾಗಿ ಬರುವ ಪ್ರವೇಶ ಪರೀಕ್ಷೆ ಬೇರೆ ಯಾವುದಿದೆ?

ಮೂರು ಪರೀಕ್ಷೆಗಳು, ಮೂರು ಬಗೆಯ ಓದು

ಸಿಇಟಿ, ನೀಟ್, ಜೆಇಇ ಮೂರನ್ನೂ ಒಟ್ಟಿಗೆ ಬೆನ್ನಟ್ಟುವುದಾಗಿ ಹೇಳುವವರು ಇವುಗಳ ಲೆಕ್ಕಾಚಾರ ಎಷ್ಟು ಬೇರೆಬೇರೆ ಎಂಬುದನ್ನು ನೋಡಬೇಕು. ಸಿಇಟಿಯಲ್ಲಿ ವಿಷಯಕ್ಕೆ 60 ಅಂಕ, ತಪ್ಪು ಉತ್ತರಕ್ಕೆ ಕಳೆಯುವುದಿಲ್ಲ, ಮತ್ತು ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಮೂರು ವಿಷಯಗಳ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಒಬ್ಬಳು ಪಿಯುಸಿಯಲ್ಲಿ 300ಕ್ಕೆ 270 ಪಡೆದು ಸಿಇಟಿಯಲ್ಲಿ 180ಕ್ಕೆ 72 ಪಡೆದರೆ ಶೇ 90 ಮತ್ತು ಶೇ 40ರ ಸರಾಸರಿ 65 ಆಗುತ್ತದೆ. ಇನ್ನೊಬ್ಬ ಪಿಯುಸಿಯಲ್ಲಿ 210, ಸಿಇಟಿಯಲ್ಲಿ 108 ಪಡೆದರೆ ಅವನದೂ 65. ಎಂದರೆ ಕೋಚಿಂಗ್ ಇಲ್ಲದ ಹಳ್ಳಿಯ ಹುಡುಗಿ ಬೋರ್ಡ್ ಪರೀಕ್ಷೆಯನ್ನು ಶ್ರದ್ಧೆಯಿಂದ ಬರೆದರೆ, ನಗರದ ಕೋಚಿಂಗ್‌ನಲ್ಲಿ ಕಲಿತವನ ಸಮಕ್ಕೆ ನಿಲ್ಲಬಲ್ಲಳು. ಈ ಲೆಕ್ಕವನ್ನು ಪ್ರಥಮ ಪಿಯುಸಿಯಲ್ಲಿಯೇ ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸುವುದು ನನ್ನ ರೂಢಿ.

ನೀಟ್‌ನಲ್ಲಿ ಈ ಆಸರೆ ಇಲ್ಲ. 180 ಪ್ರಶ್ನೆ, 720 ಅಂಕ, ಪ್ರತಿ ತಪ್ಪಿಗೆ ಒಂದು ಅಂಕ ಕಡಿತ. ಪಿಯುಸಿಯ ಅಂಕ ಅರ್ಹತೆಗೆ ಮಾತ್ರ ಬೇಕು, ರ‍್ಯಾಂಕ್‌ಗೆ ಸೇರುವುದಿಲ್ಲ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಹೀಗೆ ಮೂರು ಜಿಲ್ಲೆಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ನಮ್ಮ ಮಕ್ಕಳ ಭಾಗ್ಯವಾದರೂ, ಅಲ್ಲಿನ ಸೀಟಿಗೆ ನೀಟ್ ಹೊರತು ಬೇರೆ ದಾರಿಯಿಲ್ಲ.

ರಾಷ್ಟ್ರಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ಇನ್ನೂ ಬೇರೆ. 2019ರಲ್ಲಿ ಆರಂಭವಾದ ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯನ್ನು (ಐಐಐಟಿ) ನೋಡಿ ‘ನಮ್ಮೂರಿನ ಕಾಲೇಜು, ಸಿಇಟಿಯಲ್ಲಿ ಸಿಗಬಹುದು’ ಎಂದುಕೊಂಡವರನ್ನು ಬಲ್ಲೆ. ಅದು ರಾಷ್ಟ್ರಮಟ್ಟದ ಸಂಸ್ಥೆ. ಅಲ್ಲಿಗೆ ಜೆಇಇ ಮೇನ್ ರ‍್ಯಾಂಕ್ ಬೇಕು, ಸ್ಥಳೀಯರೆಂಬ ಮೀಸಲಾತಿ ಅಲ್ಲಿ ಅನ್ವಯಿಸುವುದಿಲ್ಲ. ಆ ಗುರಿ ಇದ್ದವರು ಪ್ರಥಮ ಪಿಯುಸಿಯಿಂದಲೇ ಅದಕ್ಕಾಗಿ ಓದಬೇಕು. ನನ್ನ ಸಲಹೆ ಹೀಗಿದೆ: ಒಂದು ಪರೀಕ್ಷೆಯನ್ನು ಮುಖ್ಯ ಗುರಿಯಾಗಿಟ್ಟುಕೊಳ್ಳಿ, ಸಿಇಟಿಯನ್ನು ಮಾತ್ರ ಯಾರೂ ತಪ್ಪಿಸಬೇಡಿ.

ಊರಿನ ಸರ್ಕಾರಿ ಕಾಲೇಜೋ, ದೂರದ ವಸತಿ ಕಾಲೇಜೋ

ಫಲಿತಾಂಶಕ್ಕೂ ಮೊದಲೇ ಖಾಸಗಿ ಕಾಲೇಜುಗಳ ಪ್ರತಿನಿಧಿಗಳು ಮನೆಗೆ ಬರುತ್ತಾರೆ. ಗಡಿ ಜಿಲ್ಲೆಗಳಾದ ರಾಯಚೂರು, ಬಳ್ಳಾರಿಗಳಿಂದ ಆಂಧ್ರ, ತೆಲಂಗಾಣದ ವಸತಿ ಕಾಲೇಜುಗಳಿಗೂ ಅನೇಕರು ಹೋಗುತ್ತಾರೆ. ಹೀಗೆ ಹೋದರೆ ಕರ್ನಾಟಕದ ಸೀಟು ಕೈತಪ್ಪುತ್ತದೆಂಬ ಭಯ ಬೇಡ. ರಾಜ್ಯದಲ್ಲಿ ಏಳು ವರ್ಷ ಓದಿ, ಎಸ್ಸೆಸ್ಸೆಲ್ಸಿಯನ್ನಾಗಲಿ ಪಿಯುಸಿಯನ್ನಾಗಲಿ ಇಲ್ಲಿಂದ ಪಾಸು ಮಾಡಿದ್ದರೆ ಸಿಇಟಿಯ ಅರ್ಹತೆ ಉಳಿಯುತ್ತದೆ. ಭಯಪಡಬೇಕಾದ ಸಂಗತಿ ಬೇರೆಯಿದೆ. ನಾನು ಪಾಠ ಹೇಳಿದ ಹುಡುಗನೊಬ್ಬ ಅಂಥದ್ದೊಂದು ವಸತಿ ಕಾಲೇಜಿಗೆ ಸೇರಿ, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗಿನ ದಿನಚರಿ ತಾಳದೆ ಎರಡೇ ತಿಂಗಳಿಗೆ ಮರಳಿ ಬರಲು ಬಯಸಿದಾಗ, ಪೂರ್ತಿ ವರ್ಷದ ಶುಲ್ಕ ಕಟ್ಟದೆ ಮೂಲ ಅಂಕಪಟ್ಟಿ ಕೊಡಲಾಗದೆಂದು ಅಲ್ಲಿ ಹೇಳಿದರು. ಅವನ ತಂದೆ ಆರು ಸಲ ಓಡಾಡಿದರು, ಹುಡುಗನ ಆ ವರ್ಷ ಹೋಯಿತು. ಆದ್ದರಿಂದ ಶುಲ್ಕ ಮರುಪಾವತಿಯ ನಿಯಮವನ್ನು ಬರವಣಿಗೆಯಲ್ಲಿ ಪಡೆಯದೆ ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ.

ಸರ್ಕಾರಿ ಪಿಯು ಕಾಲೇಜನ್ನು ಆರಿಸುವಾಗಲೂ ಹೆಸರಿಗಿಂತ ವಾಸ್ತವ ನೋಡಿ. ಗಣಿತ ಮತ್ತು ಭೌತಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಪ್ರಯೋಗಾಲಯ ತೆರೆದಿರುತ್ತದೆಯೇ ಎಂದು ದ್ವಿತೀಯ ವರ್ಷದ ಮಕ್ಕಳನ್ನೇ ಕೇಳಿ. ಆ ಎರಡು ವಿಷಯಗಳಿಗೆ ಉಪನ್ಯಾಸಕರಿಲ್ಲದಿದ್ದರೆ ಪಕ್ಕದ ತಾಲ್ಲೂಕಿನ ಕಾಲೇಜು ಉತ್ತಮ.

ಹೆಣ್ಣುಮಕ್ಕಳ ವಿಷಯದಲ್ಲಿ ದೂರವೇ ಹಲವೆಡೆ ತೀರ್ಪು ಕೊಡುತ್ತದೆ. ‘ಅಷ್ಟು ದೂರ ಯಾಕೆ, ಇಲ್ಲೇ ಏನಿದೆಯೋ ಅದನ್ನೇ ಓದಲಿ’ ಎಂಬ ಒಂದು ಮಾತಿಗೆ ಗಣಿತದಲ್ಲಿ ನೂರಕ್ಕೆ ನೂರು ಪಡೆದ ಹುಡುಗಿಯ ದಾರಿ ಬದಲಾಗಿಬಿಡುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಪ್ರಯಾಣ ಉಚಿತ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಿವೆ. ಬಸ್ಸಿನ ವೇಳೆ, ಹಾಸ್ಟೆಲ್‌ನ ಅರ್ಜಿ ಇವೆರಡನ್ನೂ ವಿಚಾರಿಸದೆ ದೂರವೆಂಬ ಕಾರಣಕ್ಕೆ ಅವರ ಓದನ್ನು ಕಿರಿದುಗೊಳಿಸಬಾರದೆಂದು ಪಾಲಕರಲ್ಲಿ ಕೈಮುಗಿದು ಕೇಳುತ್ತೇನೆ.

ವಾಣಿಜ್ಯ ಮತ್ತು ಕಲೆ

ವಾಣಿಜ್ಯದಲ್ಲಿ ಗಮನಿಸಬೇಕಾದದ್ದು ಸಂಯೋಜನೆ. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರಗಳ ಜೊತೆ ಇತಿಹಾಸದ ಬದಲು ಸಂಖ್ಯಾಶಾಸ್ತ್ರ, ಮೂಲಗಣಿತ ಅಥವಾ ಕಂಪ್ಯೂಟರ್ ತೆಗೆದುಕೊಂಡರೆ ಮುಂದೆ ಬಿಸಿಎ, ಬಿಬಿಎ, ಸಿಎ ಕಡೆಗೆ ಹೋಗುವವರಿಗೆ ಅನುಕೂಲ. ಸಿಎ ಫೌಂಡೇಷನ್ ಪರೀಕ್ಷೆಯನ್ನು ದ್ವಿತೀಯ ಪಿಯುಸಿ ಮುಗಿದ ಕೂಡಲೇ ಬರೆಯಬಹುದು.

ಕಲಾ ವಿಭಾಗವನ್ನು ಅಂಕ ಕಡಿಮೆ ಬಂದವರ ಕೊನೆಯ ಆಸರೆಯೆಂದು ಕಾಣುವುದು ಅನ್ಯಾಯ. ಕೆಎಎಸ್, ಪಿಡಿಒ ಮೊದಲಾದ ಹುದ್ದೆಗಳಿಗೆ ಬೇಕಾದದ್ದು ಯಾವುದಾದರೂ ಪದವಿ. ಆ ಪರೀಕ್ಷೆಗಳ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವನ್ನು ಕಲಾ ವಿದ್ಯಾರ್ಥಿ ಐದು ವರ್ಷ ತನ್ನ ಭಾಷೆಯಲ್ಲಿಯೇ ಓದಿರುತ್ತಾನೆ. ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಬರೆದು ಸೇರಬಹುದು, ಆ ಪರೀಕ್ಷೆ ಕನ್ನಡದಲ್ಲಿಯೂ ಇದೆ. ಕಾನೂನು ಓದಬಯಸುವವರಿಗೆ ಪಿಯುಸಿ ನಂತರ ಐದು ವರ್ಷದ ಪದವಿಯಿದ್ದು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಸೀಟು ಮೀಸಲಿವೆ; ಆದರೆ ಅಲ್ಲಿನ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿರುವುದರಿಂದ ಆ ತಯಾರಿ ಪ್ರಥಮ ಪಿಯುಸಿಯಿಂದಲೇ ಬೇಕು.

371ಜೆ ಮತ್ತು ಕಾಗದಪತ್ರಗಳು

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಭಾಗದವರಿಗೆ ಮೀಸಲು. ಹೋಲಿಕೆಯಲ್ಲಿ ಇದಕ್ಕೆ ದೊಡ್ಡ ತೂಕವಿದೆ. ಬೆಂಗಳೂರಿನ ವಿದ್ಯಾರ್ಥಿಯ ರ‍್ಯಾಂಕ್ ನೋಡಿ ‘ನಮಗೆಲ್ಲಿ ಸಿಗುತ್ತದೆ’ ಎಂದು ಕೈಬಿಡುವ ಮುನ್ನ ಹಿಂದಿನ ವರ್ಷ 371ಜೆ ಅಡಿಯಲ್ಲಿ ಸೀಟು ಯಾವ ರ‍್ಯಾಂಕ್‌ವರೆಗೆ ಹೋಗಿತ್ತೆಂದು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಪಟ್ಟಿಯಲ್ಲಿ ನೋಡಬೇಕು.

ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯವರು ನೀಡುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು ಮತ್ತು ಲಿಂಗಸುಗೂರು ಎಂಬ ಎರಡು ಉಪವಿಭಾಗಗಳಿರುವುದರಿಂದ ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರಿದೆಯೆಂದು ತಿಳಿದುಕೊಂಡು ಹೋಗಿ. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5; ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು ಮತ್ತು ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಇರಬೇಕು. ಪ್ರಾಥಮಿಕ ಶಾಲೆ ಒಂದೂರು, ಪ್ರೌಢಶಾಲೆ ಇನ್ನೊಂದೂರು ಆಗಿದ್ದರೆ ಎರಡೂ ಕಡೆ ಅಲೆಯಬೇಕು. ಜಾತಿ–ಆದಾಯ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ ಹೆಸರು ಮತ್ತು ತಂದೆಯ ಹೆಸರಿನ ಅಕ್ಷರಗಳು ಒಂದೇ ಆಗಿರಲಿ. ಈ ಓಡಾಟವನ್ನು ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ಮುಗಿಸಿದರೆ, ದ್ವಿತೀಯ ಪಿಯುಸಿಯಲ್ಲಿ ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಮಗು ಕಚೇರಿಯ ಬಾಗಿಲಲ್ಲಿ ನಿಲ್ಲದೆ ಪುಸ್ತಕದ ಮುಂದೆ ಕುಳಿತಿರುತ್ತದೆ.